ಯಂತ್ರಕ್ಕೆ ಬಿಟ್ಟುಕೊಟ್ಟ ಸಹಿ

ಮೊಂಟೆವಿಡಿಯೊದ ಬಸ್ ನಿಲ್ದಾಣದಲ್ಲಿ ಔಷಧಿ ಅಂಗಡಿಯ ಜುಲ್ಮಾ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಅರಾಸೆಲಿ ಎಂಬ ಹೆಂಗಸು, ಕಂಕುಳಲ್ಲಿ ‘ಮಾತೆ’ ಎಂಬ ಎಲೆ ಕಷಾಯದ ಫ್ಲಾಸ್ಕ್ ಅವಚಿಕೊಂಡು, ಪಕ್ಕದಲ್ಲಿದ್ದ ತನ್ನ ಸಾಫ್ಟ್‌ವೇರ್ ಆಫೀಸಿನ ಮಿಲ್ಟನ್‌ಗೆ ಮಂಗಳಾರತಿ ಎತ್ತುತ್ತಿದ್ದಳು.

"ಸಾಫ್ಟ್‌ವೇರ್ ನಮ್ಮದೇ ಅಂತ ಸಹಿ ಹಾಕೋ ಕೀಲಿ ಎಲ್ಲಿರ್ಬೇಕಿತ್ತು?"

"ತಿಜೋರಿಯಲ್ಲಿ."

"ನೀನೆಲ್ಲಿ ಇಟ್ಟಿದ್ದೆ?"

"ಸಾಫ್ಟ್‌ವೇರ್ ತಯಾರಾಗೋ ಕಂಪ್ಯೂಟರಿಗೇ ಚುಚ್ಚಿಟ್ಟಿದ್ದೆ. ಪ್ರತಿ ಸಲ ತಿಜೋರಿ ತೆಗೆದು, ಪಿನ್ ಒತ್ತಿ... ಯಾರಿಗೆ ಬೇಕು ಮಾರಾಯ್ತಿ?"

"ಅದಕ್ಕೆ ಪಿನ್ನನ್ನೂ ಕಂಪ್ಯೂಟರಿಗೇ ಕಲಿಸಿಕೊಟ್ಟೆ!"

"ನಿನ್ನೆ ಆಫೀಸಿನ ಮಾಳಿಗೆ ಮೇಲೆ ಅಸಾದೊ ಪಾರ್ಟಿ ಇತ್ತಲ್ಲ. ಕೆಂಡದ ಮೇಲಿನ ಮಾಂಸ ಬಿಟ್ಟು ನಾನೊಬ್ನೇ ಸಹಿ ಹಾಕ್ತಾ ಕೂರ್ಬೇಕಿತ್ತಾ?"

"ನೀನು ಪಕ್ಕೆಲುಬು ಚೀಪ್ತಿದ್ದಾಗ ಕಳ್ಳ ಕಂಪ್ಯೂಟರಿನೊಳಗೆ ನುಗ್ಗಿ ತನ್ನ ಕೋಡ್ ಸೇರಿಸ್ದ. ಕಂಪ್ಯೂಟರು ಅದಕ್ಕೆ ಸಹಿ ಹಾಕಿ, ಹೊಸ ಅಪ್‌ಡೇಟ್ ಅಂತ ಔಷಧಿ ಅಂಗಡಿಗಳಿಗೆಲ್ಲ ಕಳಿಸ್ತು. ಈಗ ರೋಗಿಗಳ ಹೆಸರು, ಕಾಯಿಲೆ ಎಲ್ಲ ಕಳ್ಳನ ಕೈಲಿದೆ."

"ಆದ್ರೂ ಸಹಿ ಅಸಲೀದೇ."

"ಏನು ಹೆಮ್ಮೆ! ನಕಲಿ ಆಗಿದ್ದಿದ್ರೆ ಅಂಗಡಿಯವರ ಕಂಪ್ಯೂಟರೇ ತಡೀತಿತ್ತಲ್ಲೋ ಮಂಕೆ!"

"ಅವರಿಗೂ ಬುದ್ಧಿ ಬೇಡ್ವಾ? ಅಪ್‌ಡೇಟ್ ಒತ್ತು ಅಂದ್ರೆ ಒತ್ತಿಬಿಡೋದಾ?"

ಬೆಳಿಗ್ಗೆ ತನ್ನ ಅಂಗಡಿಯ ಕಂಪ್ಯೂಟರ್ ಪರದೆಯ ಮೇಲೆ ‘ಸಹಿ ಸರಿಯಿದೆ’ ಎಂಬ ಹಸಿರು ಅಕ್ಷರ ಕಂಡು ಜುಲ್ಮಾ ಒತ್ತಿಬಿಟ್ಟಿದ್ದಳು.

"ನಿನ್ನನ್ನ ನಂಬಿದ್ರಲ್ಲ, ಅದೇ ಅವರು ಮಾಡಿದ ತಪ್ಪು," ಎಂದಳು ಅರಾಸೆಲಿ.

ಬಸ್ ಬಂತು. ಅರಾಸೆಲಿ ಹತ್ತಿದಳು. ಮಿಲ್ಟನ್ ಬಾಗಿಲಲ್ಲಿ ಪಕ್ಕಕ್ಕೆ ಸರಿದು, ಹಿಂದಿದ್ದ ಜುಲ್ಮಾಳಿಗೆ ವಿನಯದಿಂದ ಹೇಳಿದ:

"ಹತ್ತಿ ಮೇಡಂ, ಜಾಗ ಇದೆ."

"ಬೇಡ. ನಾನು ಅಂಗಡಿಗೆ ವಾಪಸ್ ಓಡ್ಬೇಕು. ಬುದ್ಧಿಯಿಲ್ದೆ ಒತ್ತಿಬಿಟ್ಟಿದ್ದೀನಲ್ಲ."