ತೊಳೆದ ಬೀಜ

೧೯೯೩ ಜುಲೈ ೨೦, ಬೆಳಿಗ್ಗೆ ಆರು ಇಪ್ಪತ್ತು. ಮೋಟೆಬೆನ್ನೂರಿನ ಹಾಲಿನ ಡೇರಿಯಲ್ಲಿ ಹಾಲು ಅಳೆಯುತ್ತಿದ್ದ ಹನೀಫನ ಕಿವಿಗೆ, ಸಾಲಿನಲ್ಲಿದ್ದ ಸಿದ್ದವ್ವ, ಗದಿಗೆವ್ವರ ಮಾತು ಬಿತ್ತು.

“ಇಷ್ಟ ಹಾಲೇನ ಗದಿಗೆವ್ವಾ? ನಿಮ್ಮ ಎಮ್ಮಿ ಸಂಪು ಹೂಡೈತೇನು?”

“ನಗಬ್ಯಾಡಬೇ. ನಿನ್ನಿಯಿಂದ ಜೊಲ್ಲು ಸುರಸಾಕತ್ತೈತಿ, ನಿಲ್ಲಾಕ ಆಗವಲ್ದು.”

“ಏನ ಹಾಕಿದ್ದಿ?”

“ಕೋಳಿ ಫಾರ್ಮಿನವ್ರು ಗೋವಿನಜೋಳ ಎಲ್ಲಾ ಬಳ್ಕೊಂಡು, ಪ್ಯಾಟ್ಯಾಗ ರೇಟು ಮುಟ್ಟಾಕ ಆಗವಲ್ದು. ಬಿತ್ತಿ ಉಳಿದ ಕೆಂಪು ಬೀಜ ಇತ್ತಲ್ಲ, ಅದನ್ನ ಬೀಸಿ ಹಾಕಿದ್ನಿ.”

“ಅದಕ್ಕ ಹುಳದ ಔಷಧ ಹಚ್ಚಿರ್ತಾರಲ್ಲಬೇ!”

“ಮೂರು ನೀರಿನ್ಯಾಗ ತೊಳದೇನಿ. ಬಣ್ಣೆಲ್ಲಾ ಹೋಗಿ ಬೆಳ್ಳಗಾಗಿತ್ತು.”

ಹನೀಫ ತಲೆಯೆತ್ತಿದ. “ಬಣ್ಣ ಹೋದ್ರ ವಿಷ ಹೋಗೂದಿಲ್ಲ ಯವ್ವಾ. ಲಗೂ ಓಡು, ದನದ ಡಾಕ್ಟರನ್ನ ಕರ್ಕೊಂಡು ಹೋಗು.”

ಗದಿಗೆವ್ವ ಪಾತ್ರೆಯನ್ನು ಅಲ್ಲೇ ಬಿಟ್ಟು ಓಡಿದಳು. ಸಿದ್ದವ್ವ ಅವಳ ಬೆನ್ನು ಹತ್ತಿದಳು. ಆ ಹಾಲನ್ನು ಚೆಲ್ಲುವ ಮೊದಲು ಹನೀಫ ರೂಢಿಯಂತೆ ಅಳೆದ: ಮುನ್ನೂರು ಮಿಲಿಲೀಟರು.