ಗುರುತಿಲ್ಲದ ಅಂಗಿ

…ಅಲ್ಲ ಮಗಾ, ಆ ಪುಸ್ತಕ ಒಮ್ಮೆ ಮಡಚಿಡು, ನಾನು ಹೇಳುದು ಅದರಲ್ಲಿ ಇಲ್ಲ. ನೀನು ಈಗ ಗಟ್ಟಿಯಾಗಿ ಓದಿದ್ಯಲ್ಲ, ಅಮೆರಿಕದಲ್ಲಿ ಬಸ್ಸು ಬಿಟ್ಟು ನಡೆದ ಕಪ್ಪು ಜನ ಅಂತ ಒಂದು ಪಾಠ, ವಿಯೆಟ್ನಾಮ್ ಅಂತ ಒಂದು ಪಾಠ, ಮತ್ತೆ ನಮ್ಮ ಈ ಗಲ್ಫ್ ಯುದ್ಧ ಅಂತ ಇನ್ನೊಂದು. ನಿಮ್ಮ ಶಾಲೆಯವರಿಗೆ ಅದು ಮೂರು ಪಾಠ. ನನಗೆ ಮೂರೂ ಸೇರಿ ಒಬ್ಬನೇ ಮನುಷ್ಯ. ಕ್ಲಾರೆನ್ಸ್ ಅಂತ ಹೆಸರು. ನಗ್ಬೇಡ, ನಮ್ಮ ಮಂಗಳೂರಿನ ಕ್ರಿಶ್ಚಿಯನರಲ್ಲೂ ಆ ಹೆಸರು ಉಂಟು, ನಾನೂ ಮೊದಲು ಕೇಳಿದಾಗ ಎಂತ ಇವ ಅಲ್ಲಿಯ ಕುಲಶೇಖರದವನಾ ಅಂತ ಗ್ರಹಿಸಿದ್ದು. ಅಲ್ಲ, ಅಮೆರಿಕದವ. ಆರಡಿ ಎತ್ತರ, ಕಪ್ಪು ಅಂದ್ರೆ ನಮ್ಮ ಕಾವಲಿ ಹಾಗೆ ಮಿರಮಿರ ಕಪ್ಪು, ನಕ್ಕರೆ ಇಡೀ ಅಂಗಡಿಗೆ ಕೇಳ್ಬೇಕು. ಕುರ್ಚಿ ಈಚೆ ಎಳ್ಕೋ, ಈ ಬಾಲ್ಕನಿಯಲ್ಲಿ ಗಾಳಿ ಬರುದು ಈ ಮೂಲೆಗೆ ಮಾತ್ರ. ತಮ್ಮನನ್ನೂ ಕರಿ… ಬೇಡ ಬಿಡು, ಅವ ಮೊಬೈಲು ಬಿಟ್ಟು ಬರುದಿಲ್ಲ.

ನಾನು ದುಬೈಗೆ ಬಂದ ಮೊದಲನೇ ಚಳಿಗಾಲ ಅದು. ನಾವೀಗ ಇರುವ ಈ ಸಿಲಿಕಾನ್ ಓಯಸಿಸ್ ಎಲ್ಲ ಆಗ ಬರೀ ಹೊಯಿಗೆ, ಒಂಟೆ ಸಹ ಇಲ್ಲಿಗೆ ಬರ್ತಿರಲಿಲ್ಲವೋ ಏನೋ. ಸತ್ವಾ ಅಂತ ಹಳೇ ಪೇಟೆ, ಅಲ್ಲಿ ಒಂದು ಲಾಂಡ್ರಿಯಲ್ಲಿ ನನಗೆ ಕೆಲಸ. ನಾವು ಮಡಿವಾಳರು, ಗೊತ್ತುಂಟಲ್ಲ, ನಿಮ್ಮಮ್ಮ ನಿಮಗೆ ಹೇಳಿದ್ದಾಳೋ ಇಲ್ಲವೋ. ಊರಲ್ಲಿ ನನ್ನ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಹೊಳೆ ಕಲ್ಲಿನ ಮೇಲೆ ಬಟ್ಟೆ ಬಡಿದೇ ಬದುಕಿದವರು. ನನ್ನ ಕಾಲಕ್ಕೆ ಮನೆ ಮನೆಯಲ್ಲಿ ಜನ ತಾವೇ ಒಗೀಲಿಕ್ಕೆ ಸುರು ಮಾಡಿದ್ರು, ನಮ್ಮ ಒಲೆ ಆರ್ತಾ ಬಂತು. ಹಾಗೆ ಬಂದದ್ದು ನಾನು ಇಲ್ಲಿಗೆ. ನಿಮ್ಮಮ್ಮ ಆಗ ಅಜ್ಜಿಯ ಹೊಟ್ಟೆಯಲ್ಲಿ. ನಾನು ಬಂದು ಸ್ವಲ್ಪ ಸಮಯ ಅಷ್ಟೆ, ಇರಾಕಿನವ ಕುವೈತಿಗೆ ನುಗ್ಗಿ ಕೂತ. ಕುವೈತಿನಿಂದ ನಮ್ಮವರು ಉಟ್ಟ ಬಟ್ಟೆಯಲ್ಲಿ ಓಡಿ ಬಂದ್ರು. ಇಲ್ಲಿ ಜನ ಕಿಟಕಿಗೆ ಟೇಪು ಅಂಟಿಸುದು, ಅಕ್ಕಿ ಮೂಟೆ ತಂದು ಮಂಚದಡಿ ನೂಕುದು. ವಿಷದ ಗ್ಯಾಸ್ ಬಿಡ್ತಾನಂತೆ, ಒದ್ದೆ ಬಟ್ಟೆ ಮೂಗಿಗೆ ಹಿಡ್ಕೊಳ್ಬೇಕಂತೆ ಅಂತ ಒಬ್ಬ ಹೇಳಿದ. ಆಗ ನಮ್ಮ ಸೂಪರ್‌ವೈಸರ್ ಕೋಯಾಕ, ಕೇರಳದ ಮಾಪಿಳ್ಳೆ ಮುಸ್ಲಿಂ, ನಾವು ಇಕ್ಕಾ ಅಂದ್ರೆ ಅಣ್ಣ ಅಂತ ಕರೆಯುದು, ಪುಣ್ಯಾತ್ಮ, ಇಸ್ತ್ರಿ ಮೇಜಿನ ಮೇಲೆ ಬಡಿದು ಹೇಳಿದ್ರು, "ಎಡೋ, ದುಬೈಯಲ್ಲಿ ಯಾರು ಉಳಿಯದಿದ್ರೂ ನಾವು ಉಳೀತೇವೆ, ಒದ್ದೆ ಬಟ್ಟೆಗೆ ನಮ್ಮಲ್ಲಿ ಎಂತ ಬರ!" ಅಂತ. ನಗು ಬರ್ತಿತ್ತು, ಆದ್ರೆ ನಾನೂ ಕಿಟಕಿಗೆ ಟೇಪು ಅಂಟಿಸಿದೆ. ಊರಿನ ಅಂಗಡಿ ಫೋನಿಗೆ ನಿಮ್ಮಜ್ಜಿಯನ್ನು ಕರೆಸಿದ್ರೆ ಅವಳದ್ದು ಒಂದೇ ಮಾತು, "ಬಂದ್ಬಿಡಿ." ಬಂದು ತಿನ್ನುದೆಂತ? ಬರುವ ಮಗುವಿಗೆ ಹಾಲು ಎಲ್ಲಿಂದ? ನನಗೆ ಆ ಕೆಲಸ ಉಳೀಬೇಕಿತ್ತು, ಅಷ್ಟೆ.

ಆಗಲೇ ಅಮೆರಿಕದ ಯುದ್ಧದ ಹಡಗು ಬಂದದ್ದು. ಹಡಗಿನೊಳಗಿನ ಲಾಂಡ್ರಿ ಮೆಷಿನ್ ಕೆಟ್ಟಿತ್ತಂತೆ, ಗಂಟು ಗಂಟು ಬಟ್ಟೆ ನಮ್ಮಲ್ಲಿಗೆ ಬಂತು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಅಂದ್ರೆ ಮಗಾ, ಕಣ್ಣು ಕುಕ್ಕುವ ಬಿಳಿ. ಹೊರಗೆ ಚಳಿಗಾಲದ ಮಂಜು, ಎದುರಿನ ಕಟ್ಟಡ ಕಾಣುದಿಲ್ಲ. ಒಳಗೆ ಇಸ್ತ್ರಿಯ ಹಬೆ, ಪಕ್ಕದವ ಕಾಣುದಿಲ್ಲ. ಆ ಹಬೆಯೊಳಗೆ ಸಾಲು ಸಾಲು ಬಿಳಿ ಅಂಗಿ ತೂಗ್ತಿದ್ರೆ ನನಗೆ ನಿದ್ದೆಯಲ್ಲಿ ನಡೆದ ಹಾಗೆ ಆಗ್ತಿತ್ತು. ಈಗಲೂ ಕಣ್ಣು ಮುಚ್ಚಿದ್ರೆ ಅದೇ ಕಾಣುದು, ಯುದ್ಧ ಅಂದ್ರೆ ನನಗೆ ಬಾಂಬಲ್ಲ, ಹಬೆ. ಎಂತ ಹೇಳ್ತಿದ್ದೆ? ಹಾಂ, ಅಂಗಿ. ನಮ್ಮ ಲಾಂಡ್ರಿಯ ಕಾಗದದ ಚೀಟಿ ಆ ಹಬೆಗೆ ನಿಲ್ತಿರಲಿಲ್ಲ, ಉದುರಿ ಹೋಗ್ತಿತ್ತು. ಅಂಗಿಯಲ್ಲಿ ಇಂಗ್ಲಿಷಿನಲ್ಲಿ ಹೆಸರು ಉಂಟು, ಆದ್ರೆ ನನಗೆ ಇಂಗ್ಲಿಷ್ ಓದ್ಲಿಕ್ಕೆ ಬರ್ಬೇಕಲ್ಲ! ಓದಿದವರು ಹೇಳಿದ್ರು, ಹತ್ತು ಜನ ಜಾನ್ಸನ್, ಹತ್ತು ಜನ ಸ್ಮಿತ್, ನಮ್ಮ ಕಡೆ ಶೆಟ್ಟಿಗಳು ಇದ್ದ ಹಾಗೆ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಉಪಾಯ ಎಂತ, ನಮ್ಮ ಹಳೇ ಕಸುಬೇ. ಊರಲ್ಲಿ ನಾವು ಬಟ್ಟೆಗೆ ಕೇರುಮರದ ಬೀಜದ ಕಪ್ಪು ರಸದಿಂದ ಗುರುತು ಹಾಕುದು, ಒಂದೊಂದು ಮನೆಗೆ ಒಂದೊಂದು. ದೊಡ್ಡ ಮನೆಗಳಿಗೆ ಗೀಟು, ಸಣ್ಣ ಮನೆಗಳಿಗೆ ಚುಕ್ಕಿ. ಒಗೆದು ಒಗೆದು ಬಟ್ಟೆ ಹರಿದ್ರೂ ಆ ಗುರುತು ಹೋಗುದಿಲ್ಲ. ಇಲ್ಲಿ ಕೇರುಬೀಜ ಎಲ್ಲಿಂದ ತರುದು, ಕೋಯಾಕನ ಹತ್ರ ಅಳಿಸದ ಶಾಯಿಯ ಪೆನ್ನು ಇತ್ತು. ಕಾಲರಿನ ಒಳಗೆ ಸಣ್ಣಕ್ಕೆ ಹಾಕ್ತಾ ಹೋದೆ. ಭುಜದಲ್ಲಿ ಪಟ್ಟಿ ಇದ್ದ ಆಫೀಸರುಗಳಿಗೆ ಪಟೇಲರ ಮನೆ, ಡಾಕ್ಟರ ಮನೆ, ಮೇಷ್ಟ್ರ ಮನೆ. ಉಳಿದ ಪೋರರಿಗೆ ಬೀಡಿ ಕಟ್ಟುವ ಲಚ್ಚಕ್ಕನ ಮನೆ, ಮೀನಿನ ಬಾಬುವಿನ ಮನೆ. ಇಡೀ ಹಡಗನ್ನು ತಂದು ನಮ್ಮೂರಲ್ಲಿ ಕೂರಿಸಿಬಿಟ್ಟೆ!

ಕ್ಲಾರೆನ್ಸ್ ಆ ಹಡಗಿನ ಲಾಂಡ್ರಿಗೆ ಯಜಮಾನ. ಗಂಟು ತರುದು, ಲೆಕ್ಕ ಕೊಡುದು, ಒಗೆದದ್ದು ತಗೊಂಡು ಹೋಗುದು ಅವನೇ. ಮೊದಲನೇ ದಿನ ಸುಮ್ಮನೆ ನಿಲ್ಲಲಾರದೆ ಮೇಜಿನ ಮೇಲಿದ್ದ ಒಂದು ಅಂಗಿ ಮಡಚಿದ ನೋಡು, ನಾನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟೆ. ಗಲ್ಲದ ಕೆಳಗೆ ಕಾಲರು ಸಿಕ್ಕಿಸಿ, ಎರಡು ಕೈ ಒಮ್ಮೆಲೇ ಒಳಗೆ ತಂದು, ಅಂಗೈಯಿಂದ ಒಂದೇ ಸಲ ಒರಸಿ… ಅದು ಮೆಷಿನ್ ಕಲಿಸುವ ಮಡಿಕೆ ಅಲ್ಲ. ಮನೆಯಲ್ಲಿ ಕಲಿತ ಕೈ ಅದು. ಕೋಯಾಕನಿಗೆ ಹೇಳಿದೆ, "ಇಕ್ಕಾ, ಕೇಳಿ ಅವನ ಹತ್ರ, ನಿಮ್ಮ ಮನೆಯಲ್ಲಿ ಯಾರು ಬಟ್ಟೆ ಒಗೀತಿದ್ರು ಅಂತ." ಕೋಯಾಕ ಕೇಳಿದ್ರು. ಅವ ಮಡಚಿದ ಅಂಗಿ ನನ್ನ ಕೈಗೆ ಕೊಟ್ಟ. ಮತ್ತೆ ಹೇಳಿದ, ನನ್ನ ಅಜ್ಜಿ ಅಂತ.

ಆಮೇಲೆ ದಿನಾ ಬಟ್ಟೆ ತಯಾರಾಗುವವರೆಗೆ ಕೂತು ನಮ್ಮ ಜೊತೆ ಸುಲೈಮಾನಿ, ಹಾಲಿಲ್ಲದ ಚಹಾ, ಕುಡೀತಿದ್ದ. ಅವ ಹೇಳುದು, ಕೋಯಾಕ ಅರ್ಧ ಹಿಂದಿ ಅರ್ಧ ಮಲಯಾಳದಲ್ಲಿ ನನಗೆ ದಾಟಿಸುದು. ಅವನ ಊರು ಅಲಬಾಮ ಅಂತ. ಅವನ ಅಜ್ಜಿ ಬಿಳಿಯರ ಮನೆ ಬಟ್ಟೆ ಒಗೀತಿದ್ದಳು, ಹೋಗ್ಲಿಕ್ಕೆ ಹಿಂದಿನ ಬಾಗಿಲು, ಬಸ್ಸಲ್ಲಿ ಕೂರ್ಲಿಕ್ಕೆ ಹಿಂದಿನ ಸೀಟು. ಹಿಂದಿನ ಬಾಗಿಲು ಅಂದ ಕೂಡಲೇ ನಾನು ಹೇಳಿದೆ, ನಮಗೂ ಹಿತ್ತಿಲ ಬಾಗಿಲೇ ಮಾರಾಯಾ. ಮತ್ತೆ ಒಮ್ಮೆ ಅವರ ಜನ ಎಲ್ಲ ಸೇರಿ ಇನ್ನು ಬಸ್ಸೇ ಹತ್ತುದಿಲ್ಲ ಅಂತ ಕೂತ್ರಂತೆ…

"ಮೊಂಟ್ಗೊಮರಿ ಬಸ್ ಬಾಯ್ಕಾಟ್, ಅಜ್ಜ. ಇಟ್ ವೆಂಟ್ ಆನ್ ಫಾರ್ ಓವರ್ ಅ ಇಯರ್."

ಹಾಂ, ಅದೇ, ನಿನಗೆ ಗೊತ್ತುಂಟಲ್ಲ. ಒಂದು ವರ್ಷಕ್ಕೂ ಮೇಲೆ. ಅಷ್ಟೂ ಸಮಯ ಆ ಮುದುಕಿ ತಲೆ ಮೇಲೆ ಗಂಟು ಹೊತ್ತು ನಡೆದಳಂತೆ, ಈ ಕ್ಲಾರೆನ್ಸ್ ಚಿಕ್ಕವ, ಸೆರಗು ಹಿಡ್ಕೊಂಡು… ಸೆರಗಲ್ಲ, ಅವರಿಗೆ ಸೆರಗೆಲ್ಲಿ, ಲಂಗದ ತುದಿ ಹಿಡ್ಕೊಂಡು ಜೊತೆಗೆ. ಖಾಲಿ ಬಸ್ಸು ಪಕ್ಕದಲ್ಲಿ ಹೋದ್ರೆ ಅಜ್ಜಿ ಅದಕ್ಕೆ ಕೈ ಬೀಸಿ ಟಾಟಾ ಮಾಡ್ತಿದ್ದಳಂತೆ. ಅದು ಹೇಳುವಾಗ ಅವ ನಕ್ಕ ನಗು! ಮತ್ತೆ ಅವನ ಅಣ್ಣ ವಿಯೆಟ್ನಾಮಿಗೆ ಹೋದ, ಬರಲಿಲ್ಲ. ಅಮೆರಿಕದ ರಾಜಧಾನಿಯಲ್ಲಿ ಒಂದು ಕಪ್ಪು ಕಲ್ಲಿನ ಗೋಡೆ ಉಂಟಂತೆ, ಸತ್ತವರ ಹೆಸರು ಎಲ್ಲ ಕೆತ್ತಿದ್ದಾರಂತೆ. ಅಣ್ಣ ಯುದ್ಧದಲ್ಲಿ ಇರುವಾಗ ಅಕ್ಕ ಅವರ ಊರ ಬೀದಿಯಲ್ಲಿ ಯುದ್ಧ ಬೇಡ ಅಂತ ಕೂಗಿ ಪೊಲೀಸರ ಪೆಟ್ಟು ತಿಂದಳಂತೆ. ಒಂದೇ ಮನೆ, ಒಂದೇ ತಾಯಿ. "ನೀನು ಮತ್ತೆ ಯಾಕೆ ಈ ಸೈನ್ಯಕ್ಕೆ ಸೇರಿದ್ದು?" ಕೇಳಿದೆ. "ನೀನು ಯಾಕೆ ಹೆಂಡತಿ ಬಿಟ್ಟು ಇಲ್ಲಿಗೆ ಬಂದದ್ದು?" ಕೇಳಿದ. ಇಬ್ಬರೂ ಚಹಾ ಕುಡಿದೆವು.

ಒಂದು ಬೆಳಿಗ್ಗೆ ಮಂಜು ಎಷ್ಟಿತ್ತು ಅಂದ್ರೆ ಜೀಪು ಬಂದದ್ದು ಕಾಣಲಿಲ್ಲ, ಬಾಗಿಲು ಬಡಿದದ್ದೇ ಕೇಳಿದ್ದು. ಒಬ್ಬ ಸಣ್ಣ ಪ್ರಾಯದ ಬಿಳಿ ಆಫೀಸರು, ಇಬ್ಬರು ಬಂದೂಕಿನವರು, ಹಿಂದೆ ಕ್ಲಾರೆನ್ಸ್, ಮುಖ ಕಲ್ಲಾಗಿದೆ. ಆಫೀಸರು ಮೇಜಿನ ಮೇಲೆ ಹಾಕಿದ್ದೆಂತ ಗೊತ್ತುಂಟಾ? ಕತ್ತರಿಸಿದ ಕಾಲರುಗಳು! ಒಳ್ಳೇ ಒಳ್ಳೇ ಅಂಗಿಯ ಕಾಲರು ಕತ್ತರಿಯಲ್ಲಿ ಕತ್ತರಿಸಿ ತಂದಿದ್ದಾರೆ. ನನಗೆ ಮೊದಲು ಹೊಟ್ಟೆ ಉರಿದದ್ದು ಅದಕ್ಕೇ. ಅವರಿಗೆ ಸಂಶಯ ಮಗಾ, ಆಫೀಸರುಗಳಿಗೆಲ್ಲ ಗೀಟು, ಸಣ್ಣವರಿಗೆಲ್ಲ ಚುಕ್ಕಿ, ಹೊರಗಿನವನೊಬ್ಬ ಯಾರು ದೊಡ್ಡವ ಅಂತ ಗುರುತು ಮಾಡಿ ಶತ್ರುವಿಗೆ ಕೊಡ್ತಿದ್ದಾನೆ ಅಂತ. ಯುದ್ಧದ ಕಾಲ, ಅವರದ್ದೂ ತಪ್ಪಲ್ಲ. ನಮ್ಮ ಮ್ಯಾನೇಜರು ಓಡಿ ಬಂದ, ವಿಷಯ ಕೇಳುವ ಮೊದಲೇ ನನಗೆ ಬೆರಳು ತೋರಿಸಿ, "ಖಲಾಸ್, ಇವನ ವೀಸಾ ಕ್ಯಾನ್ಸಲ್, ಇವತ್ತೇ ಕಳಿಸ್ತೇನೆ!" ಅಜ್ಜಿಯ ಮುಖ ಬಂತು ಕಣ್ಣೆದುರು, ಅವಳ ದೊಡ್ಡ ಹೊಟ್ಟೆ ಬಂತು.

ಕ್ಲಾರೆನ್ಸ್ ಒಂದೇ ಮಾತು ಹೇಳಿದ, ಕೋಯಾಕ ಆಮೇಲೆ ತಿಳಿಸಿದ್ದು. "ಸರ್, ಅವನ ಹತ್ರ ಯಾರಾದ್ರೂ ಕೇಳಿದ್ದೀರಾ?" ಅಂತ. ಆಫೀಸರು ಒಂದು ಕಾಲರು ಎತ್ತಿ ಹಿಡಿದ, ಇದು ಎಂತ? ನಾನು ಹೇಳಿದೆ, ಮೇಷ್ಟ್ರ ಮನೆ. ಇದು? ಲಚ್ಚಕ್ಕನ ಮನೆ. ಕೋಯಾಕ ಹೇಳ್ತಾ ಹೋದ್ರು, ಇವನ ಊರಿನ ಮನೆಗಳು ಸಾರ್, ಇವನಿಗೆ ನಿಮ್ಮ ಹೆಸರು ಓದ್ಲಿಕ್ಕೆ ಬರುದಿಲ್ಲ. ಆಫೀಸರು ನಂಬಲಿಲ್ಲ. ತಿರುಗಿಸಿ ತಿರುಗಿಸಿ ಕೇಳಿದ, ಮೊದಲು ತೋರಿಸಿದ್ದನ್ನೇ ನಡುವೆ ಮತ್ತೆ ತೋರಿಸಿದ. ನಾನು ತಪ್ಪುದುಂಟಾ? ಹುಟ್ಟಿದಾಗಿನಿಂದ ನೋಡಿದ ಮನೆಗಳು. ಕೊನೆಗೆ ಅವನೇ ತನ್ನ ಅಂಗಿಯ ಕಾಲರು ಬಗ್ಗಿಸಿ ತೋರಿಸಿದ. ನಾನು ಹೇಳಿದೆ, "ಅದು ಡಾಕ್ಟರ ಮನೆ. ಹಿತ್ತಿಲಲ್ಲಿ ಸಿಹಿನೀರಿನ ಬಾವಿ ಉಂಟು, ಬಟ್ಟೆ ಕೊಟ್ಟ ದಿನ ಅಮ್ಮ ಮಜ್ಜಿಗೆ ಕೊಡ್ತಾರೆ, ಉಪ್ಪು ಹಾಕಿ." ಕೋಯಾಕ ಉಪ್ಪು ಸಹ ಬಿಡದೆ ದಾಟಿಸಿದ್ರು. ಒಬ್ಬ ಬಂದೂಕಿನವ, ಪಾಪ ಮೀಸೆ ಸಹ ಬಾರದವ, ನನ್ನದು ಯಾವ ಮನೆ ಅಂತ ಕೇಳಿದ. ಮೀನಿನ ಬಾಬುವಿನ ಮನೆ ಅಂದೆ, ಅಂಗಳದಲ್ಲಿ ಯಾವಾಗಲೂ ಬೆಕ್ಕು. ಆ ಹಬೆಯಲ್ಲಿ, ಆ ಮಂಜಲ್ಲಿ, ಅಷ್ಟು ಜನ ನಿಂತು ನಮ್ಮೂರು ಕೇಳಿದ್ರು ಮಗಾ, ನನಗೆ ಹೊಳೆಯ ವಾಸನೆ ಬಂತು.

ಆಗ ಆಫೀಸರ ಕಣ್ಣು ಕ್ಲಾರೆನ್ಸಿನ ಮೇಲೆ ಬಿತ್ತು. ಅವನ ಕಾಲರು ಬಗ್ಗಿಸಿ ನೋಡಿದ. ಗುರುತಿಲ್ಲ. ಇಡೀ ಹಡಗಲ್ಲಿ ಅವನದ್ದೊಂದಕ್ಕೆ ಗುರುತಿಲ್ಲ. ಪುನಃ ಎಲ್ಲರ ಮುಖ ಬಿಗಿಯಿತು, ದಿನಾ ಬಂದು ಇಲ್ಲಿ ಕೂರುವವ ಇವನೇ ಅಲ್ವಾ! ಕ್ಲಾರೆನ್ಸ್ ಸಹ ಬೆಚ್ಚಿ ನನ್ನನ್ನು ನೋಡಿದ, ಅವನಿಗೂ ಗೊತ್ತಿರಲಿಲ್ಲ. ಈಗ ನನ್ನ ಕೆಲಸ ಮಾತ್ರ ಅಲ್ಲ, ಅವನದ್ದೂ ಹೋಗುದು. ನಾನು ಹೇಳಿದೆ, "ಸಾರ್, ಮಡಿವಾಳ ತನ್ನ ಮನೆಯ ಬಟ್ಟೆಗೆ ಗುರುತು ಹಾಕುದಿಲ್ಲ. ಎಲ್ಲರದ್ದೂ ಕೊಟ್ಟು ಮುಗಿದ ಮೇಲೆ ಉಳಿದದ್ದು ನಮ್ಮದು. ಇವನು ನಮ್ಮ ಮನೆ."

ಕೋಯಾಕ ಅದನ್ನೂ ಒಂದು ಶಬ್ದ ಬಿಡದೆ ದಾಟಿಸಿದ್ರು. ಕ್ಲಾರೆನ್ಸ್ ಮುಖ ಆಚೆ ತಿರುಗಿಸಿದ, ಅಷ್ಟು ದೊಡ್ಡ ಮನುಷ್ಯನ ಭುಜ ಕುಲುಕ್ತಿತ್ತು. ಆಫೀಸರು ಕಾಲರುಗಳನ್ನು ಒಂದೊಂದಾಗಿ ಒಟ್ಟು ಮಾಡಿದ. ಇನ್ನು ಗುರುತು ಹಾಕ್ಬಾರದು, ನಂಬರು ಹೊಲಿದು ಕೊಡ್ತೇವೆ ಅಂದ. ಮ್ಯಾನೇಜರಿಗೆ ಹೇಳಿದ, ಇವನನ್ನು ಕಳಿಸುದು ಬೇಡ, ಕಾಲರು ಹೊಲೀಲಿಕ್ಕೆ ಜನ ಬೇಕಲ್ಲ.

ಹಡಗು ಹೊರಡುವ ಮೊದಲು ಕ್ಲಾರೆನ್ಸ್ ಬಂದ, ಚಹಾ ಕುಡೀಲಿಕ್ಕೆ ಹೊತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದ, "ಗುರುತಿಲ್ಲದ ಅಂಗಿ ಯುದ್ಧದಲ್ಲಿ ಕಳೆದು ಹೋದ್ರೆ ಯಾರಿಗೆ ಗೊತ್ತಾಗ್ತದೆ?" ನಾನು ಹೇಳಿದೆ, "ಕೊನೆಗೆ ಉಳಿಯುದೇ ನಮ್ಮ ಮನೇದು. ನೀನು ಉಳಿದು ಬಾ." ಬಂದನಾ ಅಂತ ಕೇಳ್ಬೇಡ. ಆ ಹಡಗು ಮತ್ತೆ ಈ ಬಂದರಿಗೆ ಬರಲಿಲ್ಲ. ಯುದ್ಧ ಮುಗೀತು ಅಂತ ರೇಡಿಯೋದಲ್ಲಿ ಹೇಳಿದ್ರು, ಊರಲ್ಲಿ ನಿಮ್ಮಮ್ಮ ಹುಟ್ಟಿದಳು ಅಂತ ಫೋನು ಬಂತು. ನಾನು ಎಷ್ಟೋ ಸಮಯ ಕೊನೆಯ ಗಂಟು ಬಿಚ್ಚುವಾಗ ಒಂದು ಅಂಗಿ ಹೆಚ್ಚು ಉಂಟಾ ಅಂತ ಹುಡುಕ್ತಿದ್ದೆ.

"ಅಜ್ಜ, ಆರ್ ಯೂ ಕ್ರೈಯಿಂಗ್?"

ಅಳುದೆಂತ, ಕಣ್ಣಿಗೆ ಧೂಳು, ಈ ಊರಿನ ಧೂಳು ಗೊತ್ತಿಲ್ವಾ ನಿನಗೆ? ನೀನು ಪರೀಕ್ಷೆಗೆ ಪುಸ್ತಕದಲ್ಲಿದ್ದ ಹಾಗೇ ಬರಿ, ಇದನ್ನು ಬರೆದ್ರೆ ಮಾರ್ಕು ಕೊಡ್ಲಿಕ್ಕಿಲ್ಲ. ಇಷ್ಟು ಮಾತ್ರ ನೆನಪಿಟ್ಕೋ, ಯಾರ ಮೈಮೇಲಾದ್ರೂ ನಿನಗೆ ಅರ್ಥ ಆಗದ ಗುರುತು ಕಂಡ್ರೆ ಮೊದಲು ಬಾಯಿ ಬಿಟ್ಟು ಕೇಳು. ಕತ್ತರಿ ಹಾಕ್ಲಿಕ್ಕೆ ಎಂತ, ಒಂದು ಗಳಿಗೆ ಸಾಕು. ಮತ್ತೆ ಹೊಲೀಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ಕೂತು ಹೊಲಿದವನಿಗೆ ಗೊತ್ತು.