ಭಾವನ ಕಾಫಿ ತಣ್ಣಗಾದದ್ದು

ಕರಕ್ ಪಟ್ಟಣದ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರ್ ಪರೀಕ್ಷೆಗೆ ಕಾಯುತ್ತಿದ್ದ ವಸ್ಫಿಯಾ, ಪಕ್ಕದ ಬೆಂಚಿನ ಇಬ್ಬರು ಗೆಳತಿಯರ ಮಾತು ಕೇಳಲೆಂದೇ ತಲೆವಸ್ತ್ರವನ್ನು ಕಿವಿಯಿಂದ ಹಿಂದಕ್ಕೆ ಸರಿಸಿದಳು.

"ನಿನ್ನ ಭಾವ ಹೆಣ್ಣು ಕೇಳೋಕೆ ಹೋಗಿದ್ನಂತಲ್ಲ, ಇನ್ಶಿರಾ?"

"ಹೋಗಿದ್ದ. ಮೀಸೆಗೆ ಬಣ್ಣ ಬಳ್ಕೊಂಡು, ಊರ ಹಿರಿಯರನ್ನೆಲ್ಲ ಕಟ್ಕೊಂಡು."

"ನಿಮ್ಮಕ್ಕ ತೀರ್ಕೊಂಡು ಇನ್ನೂ ವರ್ಷ ತುಂಬಿಲ್ಲ ಕಣೇ."

"ಈ ಪರೀಕ್ಷೆ ಮಾಡೋ ವ್ಯಾನು ಅವರ ಮನೆ ಮುಂದೇನೇ ನಿಂತಿತ್ತು. ಮಾನವಂತರು ಅಲ್ಲಿ ಬಟ್ಟೆ ಬಿಚ್ಚಲ್ಲ ಅಂತ ಅಕ್ಕನ್ನ ಒಳಗೆ ಕೂಡಿಹಾಕ್ದ. ಗಂಟು ಕೈಗೆ ಸಿಗೋ ಹೊತ್ತಿಗೆ ಎಲ್ಲ ಮುಗಿದಿತ್ತು."

"ಹೆಣ್ಣಿನೋರಿಗೆ ಇದು ಗೊತ್ತಾ?"

"ಹಿಂದಿನ ದಿನಾನೇ ಹೋಗಿ ಹೇಳಿದ್ದೆ. ಹೆಣ್ಣು ಕೊಟ್ವಿ ಅಂದ ಮೇಲೆ ತಾನೆ ಕೇಳೋಕೆ ಹೋದೋರು ಕಾಫಿ ಮುಟ್ಟೋದು? ಹುಡುಗಿಯ ಅಣ್ಣ ಆ ಮಾತು ಆಡ್ಲೇ ಇಲ್ಲ. ಎಲ್ಲರ ಎದುರಿಗೇ ಕಾಫಿ ತಣ್ಣಗಾಯ್ತು. ಹಾಗೇ ಎದ್ದು ಬಂದ್ರು."

"ಅವನೇನು ಸುಮ್ನಿರ್ತಾನಾ? ಇನ್ನೊಂದು ಮನೆ ಹುಡುಕ್ತಾನೆ."

"ಹುಡುಕ್ಲಿ. ಅಲ್ಲಿಗೂ ಮೊದ್ಲು ನಾನೇ ಹೋಗಿರ್ತೀನಿ."

"ಎಷ್ಟು ದಿನ ಅಂತ ಹಿಂದೆ ಬೀಳ್ತೀಯೆ?"

"ಅವನು ಒಂಟಿಯಾಗೇ ಸಾಯೋವರೆಗೂ."

ಒಳಗಿನಿಂದ ನರ್ಸು ಇನ್ಶಿರಾಳ ಹೆಸರು ಕೂಗಿದಳು. ಅವಳು ಕೈಚೀಲವನ್ನು ಗೆಳತಿಯ ಮಡಿಲಿಗೆ ಹಾಕಿ ಎದ್ದಳು.

"ಭಯ ಆಗಲ್ವೇನೇ?"

"ಆಗತ್ತೆ. ಆದ್ರೆ ಅವನಿಗಿಂತ ಮೊದ್ಲು ನಾನು ಸಾಯೋ ಹಾಗಿಲ್ಲ," ಎಂದು ಇನ್ಶಿರಾ ಒಳಗೆ ನಡೆದಳು.